ಬಳೆಗೈ ಹಾಯುವಷ್ಟು ದಾರಿ

ನಮ್ಮ ಅವ್ವ ಒಲೆ ಸಾರಿಸದೆ ಬೆಂಕಿ ಹೊತ್ತಿಸಿದವಳಲ್ಲ. ಪಾರಿಶ್ವಾಡದ ನಮ್ಮ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಹಿಂದಿನ ದಿನದ ಬೂದಿ ತೆಗೆಯುವಳು. ಕೆಮ್ಮಣ್ಣು, ಸಗಣಿ ಕಲಸಿದ ನೀರಿನಲ್ಲಿ ಹಳೆಯ ಸೀರೆಯ ಚಿಂದಿ ಅದ್ದಿ ಒಲೆಯ ಬಾಯಿ, ಮೈ, ಪಾತ್ರೆ ಕೂರುವ ಅಂಚು ಎಲ್ಲವನ್ನೂ ಒಂದು ಸುತ್ತು ಸವರುವಳು. ಅದು ಒಣಗುವಷ್ಟರಲ್ಲಿ ಸ್ನಾನ, ಲಿಂಗಪೂಜೆ. ಬೆಂಕಿ ಆಮೇಲೆ. ಜ್ವರ ಬಂದ ದಿನವೂ ಈ ಕ್ರಮ ತಪ್ಪುತ್ತಿರಲಿಲ್ಲ. ಸಾರಿಸದ ಒಲೆಯೆಂದರೆ ಅವಳಿಗೆ ಮುಖ ತೊಳೆಯದ ಕೂಸು ಇದ್ದ ಹಾಗೆ.

ಬೆಂಕಿಯ ಬೆನ್ನಿಗೇ ಹೊಗೆ. ನಮ್ಮ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹೊಗೆ ತನಗೆ ಮನಸ್ಸಾದಾಗ ಹಂಚಿನ ಸಂದಿಯಿಂದ ಹೊರಗೆ ಹೋಗಬೇಕು, ಅಲ್ಲಿಯವರೆಗೆ ಒಳಗೇ ಸುತ್ತುತ್ತಿರಬೇಕು. ಮಳೆಗಾಲದಲ್ಲಿ ಕಟ್ಟಿಗೆ ಹಸಿ. ಅವ್ವ ಊದುಗೊಳವೆ ಊದಿ, ಕೆಮ್ಮಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಊದುವಳು. ಅವಳು ಮನೆಯಲ್ಲಿ ಎಲ್ಲಿದ್ದಾಳೆಂದು ನಾವು ಕೆಮ್ಮಿನಿಂದಲೇ ತಿಳಿಯುತ್ತಿದ್ದೆವು.

ನಾನು ಮದುವೆಯಾಗಿ ಬೆಳಗಾವಿಯ ಖಾಸಬಾಗಕ್ಕೆ ಬಂದ ಮೇಲೆ ಆ ಕೆಮ್ಮು ಇನ್ನೂ ಹೆಚ್ಚಾಯಿತು. ಎಂಬತ್ತರ ದಶಕದ ಮೊದಲ ವರ್ಷಗಳವು. ಖಾನಾಪುರದ ಡಾಕ್ಟರು ಅವಳ ಎದೆ ಪರೀಕ್ಷಿಸಿ, ಹೊಗೆಯ ಹತ್ತಿರ ಕೂತು ಔಷಧ ಕುಡಿದರೆ ಉಪಯೋಗವಿಲ್ಲ ಎಂದರಂತೆ. ಅದೇ ಹೊತ್ತಿಗೆ ನಾನು ಬಸುರಿಯಾದೆ. ಚೊಚ್ಚಲ ಬಾಣಂತನ ತವರಿನದು. ಅವ್ವ ನನ್ನ ಮದುವೆಗಿಂತ ಹೆಚ್ಚು ಕಾದಿದ್ದು ಇದಕ್ಕೆ. ಆದರೆ ನಮ್ಮ ಅತ್ತೆ ಒಪ್ಪಲಿಲ್ಲ. ಕೆಟ್ಟ ಮನಸ್ಸಿನವರಲ್ಲ, ಆ ಹೊಗೆಯಲ್ಲಿ ಹಸುಗೂಸು ಹೇಗಿರಬೇಕೆಂಬುದು ಅವರ ಚಿಂತೆ. ಅವ್ವನಿಗೆ ನೇರವಾಗಿಯೇ ಹೇಳಿಕಳಿಸಿದರು: ಅಡುಗೆಮನೆಯ ಹೊಗೆ ಹೋದರೆ ಸೊಸೆಯನ್ನು ಕಳಿಸುತ್ತೇನೆ, ಇಲ್ಲದಿದ್ದರೆ ಬಾಣಂತನ ಖಾಸಬಾಗದಲ್ಲೇ.

ಆ ದಿನಗಳಲ್ಲಿ ಸರ್ಕಾರ ಹೊಗೆರಹಿತ ಒಲೆಯ ಯೋಜನೆ ತಂದಿತ್ತು. ಕಟ್ಟಿಗೆ ಕಡಿಮೆ ಸುಡಬೇಕು, ಖಾನಾಪುರದ ಅಡವಿ ಉಳಿಯಬೇಕು, ಹೆಣ್ಣುಮಕ್ಕಳ ಕಣ್ಣು ಉಳಿಯಬೇಕು ಎಂದು ಗ್ರಾಮಸೇವಕಿ ಮನೆಮನೆಗೆ ಬಂದು ಹೇಳುತ್ತಿದ್ದಳು. ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಆ ಒಲೆಯ ಬಾಯಿ ಚಿಕ್ಕದು, ರೊಟ್ಟಿಯನ್ನು ಉರಿಯ ಮುಂದೆ ಒರಗಿಸಿ ಉಬ್ಬಿಸಲು ಬರುವುದಿಲ್ಲ ಎಂಬುದು ಎಲ್ಲರ ತಕರಾರು. ಅವ್ವನಿಗೂ ರೊಟ್ಟಿಯ ಚಿಂತೆ ಇತ್ತು. ಆದರೂ ಮೊದಲು ಹೆಸರು ಕೊಟ್ಟವಳು ಅವಳೇ.

ಅಪ್ಪ ನಕ್ಕರು. "ಹೊಲಕ್ಕ ಬಂತು, ಸಾಲಿಗೆ ಬಂತು, ಈಗ ಸರ್ಕಾರ ನಿನ್ನ ಒಲಿ ಒಳಗೂ ಬಂತು ನೋಡು."

"ಬರ್ಲಿ ಬಿಡ್ರಿ. ನೀವಂತೂ ಒಂದಿನಾನೂ ಬರ್ಲಿಲ್ಲ" ಎಂದಳಂತೆ ಅವ್ವ.

ಹಾಗೆ ನಕ್ಕ ಅಪ್ಪನೇ ಖಾನಾಪುರಕ್ಕೆ ಹೋಗಿ ಕುಂಬಾರರ ಸುಟ್ಟ ಮಣ್ಣಿನ ಕೊಳವೆಗಳನ್ನು ತಂದರು. ಬಸ್ಸಿನ ಟಪ್ಪಿನ ಮೇಲೆ ಹಾಕಿದರೆ ಒಡೆಯುತ್ತವೆಂದು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಗ್ರಾಮಸೇವಕಿ ಮಣ್ಣು ಕಲಸಿ, ಅಳೆದು ಒಲೆ ಕಟ್ಟಿದಳು. ಪಾತ್ರೆ ಕೂರಿಸಲು ಸಾಲಾಗಿ ಮೂರು ಕುಣಿ. ಮೊದಲನೆಯದರಲ್ಲಿ ಉರಿ; ಅದರ ಬಿಸಿ ಒಳಗಿನ ಕಂಡಿಗಳಿಂದ ಉಳಿದ ಎರಡು ಪಾತ್ರೆಗಳ ಕೆಳಗೆ ಹಾದು, ಹೊಗೆ ಮಾತ್ರ ಕೊಳವೆ ಹತ್ತಿ ಹಂಚಿನ ಮೇಲೆ ಹೋಗಬೇಕು. ಗೋಡೆಗೊಂದು ಬೆಳಕಿಂಡಿ, ಮಾಡಿಗೊಂದು ಗಾಜಿನ ಹಂಚು ಕೂಡ ಹಾಕಿಸಿದಳು.

ಹೊಗೆ ಹೋಯಿತು. ಹೋಗಿದ್ದು ಪಕ್ಕದ ಮನೆಯ ಮುಸ್ಲಿಂ ಹೆಂಗಸು, ನಾವೆಲ್ಲ ಖಾಲಾ ಎನ್ನುತ್ತಿದ್ದವಳ ಅಂಗಳಕ್ಕೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಖಾಲಾ ಅದರ ಮೇಲಿಂದ ಅವ್ವನಿಗೆ, "ಅಕ್ಕಾ, ನಿನ್ನ ಹೊಗಿ ನಮ್ಮ ಮನಿಗೆ ಸೊಸಿ ಆಗಿ ಬಂದದ. ವರದಕ್ಷಿಣಿ ಎಲ್ಲಿ?" ಎಂದು ಕೇಳಿದಳಂತೆ. ಅಪ್ಪ ಕೊಳವೆಗೆ ಇನ್ನೊಂದು ತುಂಡು ಸೇರಿಸಿ ಎತ್ತರ ಮಾಡಿದರು.

ಆದರೆ ಬಸುರಿಗೆ ಮಾಡುವ ಕುಬಸಕ್ಕೆಂದು ಅತ್ತೆಯೂ ನಾನೂ ಪಾರಿಶ್ವಾಡಕ್ಕೆ ಹೋದ ದಿನ ಬಾಗಿಲಲ್ಲೇ ಕಣ್ಣು ಉರಿಯಿತು. ಒಳಗೆ ಅವ್ವ ಹೊಗೆಯ ನಡುವೆ ಹೋಳಿಗೆ ಬೇಯಿಸುತ್ತಿದ್ದಳು. ನಮ್ಮನ್ನು ಕಂಡು ಎದ್ದವಳು ಮಾತಾಡಲು ಹೋಗಿ ಕೆಮ್ಮಿದಳು, ಕೆಮ್ಮು ನಿಲ್ಲಲೇ ಇಲ್ಲ. ಹೊಸ ಒಲೆ ಕೆಲವು ವಾರ ಚೆನ್ನಾಗಿದ್ದು ಆಮೇಲೆ ಹಳೆಯದಕ್ಕಿಂತ ಹೆಚ್ಚು ಹೊಗೆ ಕಾರುತ್ತಿತ್ತು. ಏಕೆಂದು ಯಾರಿಗೂ ತಿಳಿದಿರಲಿಲ್ಲ.

ಊಟ, ಉಡಿ ತುಂಬುವುದು ಎಲ್ಲ ಮುಗಿದ ಮೇಲೆ ಅತ್ತೆ ಅವ್ವನ ಕೈ ಹಿಡಿದುಕೊಂಡರು. "ಬೀಗರ, ತಪ್ಪು ತಿಳ್ಕೋಬ್ಯಾಡ್ರಿ. ಹುಡುಗೀನ ನಾ ವಾಪಸ್ ಕರ್ಕೊಂಡು ಹೋಗ್ತೀನ್ರಿ."

ಅವ್ವ ಬೇಡಿಕೊಳ್ಳಲಿಲ್ಲ. "ಮುಂದಿನ ಸಂತಿತನಕ ಬಿಡ್ರಿ. ಅಷ್ಟರಾಗ ಹೊಗಿ ಹೋಗ್ಲಿಲ್ಲಂದ್ರ ನಾನೇ ತಂದು ಬಿಡ್ತೀನಿ" ಎಂದಳು. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿ, ಒಬ್ಬರೇ ಬಸ್ಸು ಹತ್ತಿದರು.

ಮರುದಿನ ಗ್ರಾಮಸೇವಕಿ ಬಂದಳು. ಕೊಳವೆ ಬಡಿದು ನೋಡಿದಳು, ಮಸಿ ತೆಗೆದಳು. ಹೊಗೆ ಹಾಗೇ ಇತ್ತು. ಕೊನೆಗೆ ಪಾತ್ರೆಗಳನ್ನು ಇಳಿಸಿ, ಒಲೆ ಆರಿದ ಮೇಲೆ ಕುಣಿಯೊಳಗೆ ಕೈ ಇಳಿಸಿದಳು. ಕಂಡಿಯಲ್ಲಿ ಅವಳ ನಾಲ್ಕು ಬೆರಳೂ ಹಾಯಲಿಲ್ಲ. ಉಗುರಿನಿಂದ ಕೆರೆದಾಗ ಕೆಮ್ಮಣ್ಣಿನ ಪದರ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದುಬಂತು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಅವ್ವ ದಿನವೂ ಸಾರಿಸಿದ್ದಳು, ಹೊರಗಷ್ಟೇ ಅಲ್ಲ, ಕೈ ಹೋಗುವಷ್ಟು ಒಳಗೂ. ಹೊಸ ಒಲೆಯೆಂದು, ಮಗಳ ಬಾಣಂತನದ ಒಲೆಯೆಂದು, ಎಂದಿಗಿಂತ ದಪ್ಪಗೆ.

ಬಾಗಿಲಿಂದ ಇಣುಕುತ್ತಿದ್ದ ಖಾಲಾ ನನ್ನತ್ತ ಕೈ ತೋರಿಸಿದಳು. "ಮಗಳ ಜೋಡಿ ಒಲಿನೂ ಬಸಿರಾಗೇದ." ಅವ್ವನೂ ನಕ್ಕಳು, ನಗುತ್ತಲೇ ಕೆಮ್ಮಿದಳು.

ಇನ್ನು ಮೇಲೆ ಸಾರಿಸಬೇಡಿ ಎಂದು ಗ್ರಾಮಸೇವಕಿ ಹೇಳಿದಾಗ ಮಾತ್ರ ಅವ್ವನ ನಗು ನಿಂತಿತು. "ಸಾರಿಸದ ಒಲಿ ಮ್ಯಾಲ ದೇವರ ಎಡಿ ಹ್ಯಾಂಗ ಮಾಡ್ಲೆವ್ವಾ?" ಎಂದಳು. ಆ ಸಂಜೆ ಅವ್ವ ಆರಿದ ಒಲೆಯ ಮುಂದೆ ಕೂತು ಕುಡುಗೋಲಿನ ತುದಿಯಿಂದ ಒಳಗಿನ ಪದರಗಳನ್ನೆಲ್ಲ ಕೆರೆದು ತೆಗೆದು, ಕಂಡಿಯೊಳಗೆ ತನ್ನ ಬಳೆಗೈ ಹಾಕಿ ನೋಡಿದಳು. ಗಾಜಿನ ಬಳೆಗಳು ಎಲ್ಲಿಯೂ ತಗುಲದೆ ಹಾದುಹೋದವು. ಅಂದಿನಿಂದ ಅದೇ ಅವಳ ಅಳತೆ. ಬೆಳಗ್ಗೆ ಹೊರಮೈ ತೆಳ್ಳಗೆ ಸಾರಿಸುವುದು, ಆಮೇಲೆ ಕೈ ಒಳಗೆ ಹಾಕಿ ತೆಗೆಯುವುದು. ಬಳೆ ಕಿರ್ ಎಂದರೆ ಕೆರೆಯುವುದು.

ಸಂತೆಯ ದಿನ ಬಂದ ಅತ್ತೆ ಅಡುಗೆಮನೆಯಲ್ಲಿ ಬಹಳ ಹೊತ್ತು ಕೂತರು. ಅಲ್ಲೇ ಕೂತು ಉಂಡರು. ಹೋಗುವಾಗ, ರೊಟ್ಟಿ ಮಾತ್ರ ಮೊದಲಿನ ಹಾಗೆ ಉಬ್ಬುವುದಿಲ್ಲ ಎಂದಷ್ಟೇ ಹೇಳಿದರು. ನನ್ನನ್ನು ಕರೆಯಲಿಲ್ಲ.

ಹೆರಿಗೆ ಖಾನಾಪುರದ ಆಸ್ಪತ್ರೆಯಲ್ಲಾಯಿತು, ಬಾಣಂತನ ಅವ್ವನ ಕೈಯಲ್ಲಿ. ಅಳವಿ ಪಾಯಸ, ಸಬ್ಬಸಗಿ ಪಲ್ಯ, ಮೂರನೆಯ ಕುಣಿಯ ಮೇಲೆ ಸದಾ ಬಿಸಿನೀರು. ಕೂಸಿಗೆ ಲೋಬಾನದ ಹೊಗೆ ಹಾಕುವ ಕೆಲಸವನ್ನು ಖಾಲಾ ವಹಿಸಿಕೊಂಡಳು. ಅಷ್ಟು ಹೊತ್ತು ಅವ್ವನನ್ನು ಅಂಗಳಕ್ಕೆ ಅಟ್ಟುತ್ತಿದ್ದಳು. ನಾನು ಬಾಣಂತಿ ಕೋಣೆಯಲ್ಲಿ ಮಲಗಿ ಬೆಳಗಿನ ಸದ್ದಿಗೆ ಕಿವಿಗೊಡುತ್ತಿದ್ದೆ. ಬೂದಿ ತೆಗೆದದ್ದು, ಚಿಂದಿ ಹಿಂಡಿದ್ದು. ಮುಂದೆ ಕೆಮ್ಮು ಬರಬೇಕಾದ ಜಾಗದಲ್ಲಿ ಬಳೆಗಳ ಸಣ್ಣ ಸದ್ದು. ನಾನು ಮತ್ತೆ ನಿದ್ದೆ ಹೋಗುತ್ತಿದ್ದೆ. ಅಂಥ ನಿದ್ದೆ ಆಮೇಲೆ ಎಂದೂ ಬರಲಿಲ್ಲ.

ಕೂಸಿನೊಂದಿಗೆ ಖಾಸಬಾಗಕ್ಕೆ ಹೊರಡುವ ಬೆಳಗ್ಗೆ ಅವ್ವ ನನ್ನನ್ನು ಒಲೆಯ ಹತ್ತಿರ ಕರೆದು, "ನಿನ್ನ ಕೈ ಹಾಕಿ ನೋಡು" ಎಂದಳು. ತವರಿನವರು ಇಡಿಸಿದ ಹಸಿರು ಬಳೆ ಮೊಣಕೈಯವರೆಗೆ ಇದ್ದವು. ಕೈ ಸಲೀಸಾಗಿ ಹಾದುಹೋಯಿತು. ಒಳಗೆ ಹಿಂದಿನ ದಿನದ ಬಿಸುಪು ಇನ್ನೂ ಉಳಿದಿತ್ತು.

"ನಿನ್ನ ಕೈ ಸಣ್ಣದೈತಿ. ಅಳತಿಗೆ ನಂದೇ ಬೇಕು" ಎಂದಳು ಅವ್ವ.

ಅವಳು ಹೋಗಿ ವರ್ಷಗಳಾದವು. ನಾನೀಗ ಇರುವುದು ಶಿವಬಸವ ನಗರದಲ್ಲಿ. ಬಿಸಿಲಿನಿಂದಲೇ ನೀರು ಕಾಯುತ್ತದೆ, ಅಡುಗೆಮನೆಯಲ್ಲಿ ಹೊಗೆಯ ಸುಳಿವಿಲ್ಲ. ಹೊಸ ಮನೆಗಳಲ್ಲಿ ನೀರು ಬಿಸಿಲಿನಿಂದಲೇ ಕಾಯಬೇಕೆಂದು ಈಗ ಸರ್ಕಾರದ ನಿಯಮವೇ ಇದೆಯಂತೆ. ಒಳ್ಳೆಯದೇ. ಬೆಳಗ್ಗೆ ಗ್ಯಾಸಿನ ಕಟ್ಟೆ ಒರೆಸುವಾಗ ಒಮ್ಮೊಮ್ಮೆ ನನ್ನ ಕೈ ನೋಡಿಕೊಳ್ಳುತ್ತೇನೆ. ವಯಸ್ಸಿನೊಂದಿಗೆ ದಪ್ಪಗಾಗಿ, ಬಳೆ ಸಮೇತ ಥೇಟ್ ಅವಳ ಕೈಯಂತೆಯೇ ಆಗಿದೆ. ಈಗ ಅಳತೆಗೆ ಸರಿಹೋಗುತ್ತಿತ್ತು.