ಗಾಜಿನ ಕೆಳಗೆ ಚಿಕ್ಕಮ್ಮನ ಪಹರೆ

ನನ್ನ ಚಿಕ್ಕಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿಯೇ ನಿವೃತ್ತಳಾದವಳು. ನಿದ್ದೆ ಬಂದಂತೆ ನಟಿಸುವವರು, ಶೌಚಾಲಯದಲ್ಲಿ ಅಡಗುವವರು, ಟಿಕೆಟ್ ಹೆಂಡತಿ ಹತ್ತಿರ ಇದೆ ಎನ್ನುವ ಬ್ರಹ್ಮಚಾರಿಗಳು, ಇವರನ್ನೆಲ್ಲ ನೋಡಿ ನೋಡಿ ಅವಳ ಕಣ್ಣೇ ಹಾಗಾಗಿಬಿಟ್ಟಿತ್ತು. ಹಾಲಿನ ಅಂಗಡಿಯವನು ನಕ್ಕರೆ, ಇವತ್ತು ಹಳೇ ಪ್ಯಾಕೆಟ್ ದಾಟಿಸಿದ್ದಾನೆ ಎನ್ನುವಳು. ಕೆಲಸದ ಸಲುವಾಗಿ ಅವಳ ಮನೆಯಲ್ಲೇ ಇದ್ದ ನಾನು ಸ್ವಲ್ಪ ತಡವಾಗಿ ಬಂದರೆ ಬಸ್ಸಿನ ನಂಬರು ಕೇಳುವಳು. ಬೆನ್ನ ಹಿಂದೆ ನಾವೆಲ್ಲ ಅವಳನ್ನು ಸಿಐಡಿ ಎನ್ನುತ್ತಿದ್ದೆವು. ಅದೂ ಅವಳಿಗೆ ಗೊತ್ತಿತ್ತು.

ನಿವೃತ್ತಿಯಾದ ಮೇಲೆ ಅವಳಿಗೆ ಹಕ್ಕಿ ನೋಡುವ ಹುಚ್ಚು ಹಿಡಿಯಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಹೊಂಚು ಹಾಕಿ ಕೂರುವುದು, ಇವನು ಯಾರು, ಎಲ್ಲಿಂದ ಬಂದ, ಎಲ್ಲಿಗೆ ಹೊರಟ ಎಂದು ವಿಚಾರಿಸುವುದು. ಹಳೆಯ ಕೆಲಸವೇ, ದಂಡ ಹಾಕುವುದೊಂದಿಲ್ಲ. ವಸಂತದಲ್ಲಿ ಉತ್ತರಕ್ಕೆ ಹೋಗುವ ಸಣ್ಣ ಹಕ್ಕಿಗಳು ರಾತ್ರಿಯೆಲ್ಲ ಹಾರಿ ಬೆಳಗಿನ ಹೊತ್ತಿಗೆ ನಗರದ ಉದ್ಯಾನದಲ್ಲಿ ಇಳಿಯುತ್ತವೆ. ಆ ಕೆಲವು ವಾರ ಚಿಕ್ಕಮ್ಮನನ್ನು ಮನೆಯಲ್ಲಿ ಹಿಡಿದಿಡುವುದು ಯಾರಿಂದಲೂ ಆಗದ ಕೆಲಸ.

ಉದ್ಯಾನದ ಪಕ್ಕದಲ್ಲೇ ಒಂದು ಗಾಜಿನ ಕಚೇರಿ ಕಟ್ಟಡ. ಅದರ ಮೇಲಿನ ಮಹಡಿಗಳ ದೀಪ ರಾತ್ರಿಯಿಡೀ ಉರಿಯುತ್ತಿತ್ತು. ಬೆಳಕಿಗೆ ದಾರಿ ತಪ್ಪಿದ ಹಕ್ಕಿಗಳು ಬಂದು ಗಾಜಿಗೆ ಬಡಿದು ಸಾಯುತ್ತಿದ್ದವು. ಹೋದ ವರ್ಷ ಅಲ್ಲಿಂದ ಎಲೆ ಬಣ್ಣದ ಒಂದು ಪುಟ್ಟ ಹಕ್ಕಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸರಿಯಾಗಿ ಊಟ ಮಾಡಲು ಒಂದು ವಾರ ಬೇಕಾಯಿತು.

ಈ ವರ್ಷ ಋತು ಶುರುವಾಗುವ ಮೊದಲೇ ಕಟ್ಟಡದ ಮ್ಯಾನೇಜರನ್ನು ಹಿಡಿದು ತಲೆ ತಿಂದಳು. ಅವನು ಕೊನೆಗೆ ಹೇಳಿದ, "ಮೇಡಂ, ಬಿದ್ದ ಜಾಗದಲ್ಲೇ ಒಂದಾದ್ರೂ ಹಕ್ಕಿ ತೋರಿಸಿ. ಮುಂದಿನ ವರ್ಷದಿಂದ ದೀಪ ಆರಿಸ್ತೀನಿ. ಇಲ್ಲಾಂದ್ರೆ ಈ ವಿಷಯ ಇಲ್ಲಿಗೇ ಬಿಟ್ಬಿಡಿ."

ಒಂದು ಹಕ್ಕಿ ತಾನೇ, ಅದೇನು ಮಹಾ ಎಂದುಕೊಂಡಿದ್ದೆವು. ದಿನಾ ಬೆಳಿಗ್ಗೆ ಚಿಕ್ಕಪ್ಪ ಹಾಲು ತರುತ್ತಿದ್ದರು, ಚಿಕ್ಕಮ್ಮ ಟೀ ಕುಡಿದು ಓಡುತ್ತಿದ್ದಳು. ಟೀ ಇಲ್ಲದೆ ಹೊಸ್ತಿಲು ದಾಟಿದವಳಲ್ಲ. ಗಾಜಿನ ಬುಡದಲ್ಲಿ ನೋಡಿದರೆ ನೆಲ ಖಾಲಿ. ಮೇಲೆ ಗಾಜಿನಲ್ಲಿ ಬಡಿದ ಮಸುಕು ಗುರುತು ಇರುತ್ತಿತ್ತು, ಹಕ್ಕಿ ಇರುತ್ತಿರಲಿಲ್ಲ.

"ಯಾರೋ ಎತ್ತಿ ಹಾಕ್ತಿದಾರೆ," ಎಂದಳು.

ಮೊದಲು ಸಂಶಯ ಬಿದ್ದದ್ದು ಕಾವಲುಗಾರನ ಮೇಲೆ. "ನನ್ನ ನೋಡಿದ ತಕ್ಷಣ ಎದ್ದು ನಿಂತ್ಕೋತಾನೆ, ತಪ್ಪು ಮಾಡಿದೋನೇ ಹಾಗೆ ನಿಲ್ಲೋದು." ಪಾಪ, ಅವನು ಮರ್ಯಾದೆಗೆ ನಿಲ್ಲುತ್ತಿದ್ದ. ಆಮೇಲೆ ಕಸ ಗುಡಿಸುವವಳ ಬುಟ್ಟಿಯಲ್ಲಿ ಇಣುಕಿ ಬೈಸಿಕೊಂಡಳು. ಒಂದು ಬೆಕ್ಕಿನ ಹಿಂದೆ ಎರಡು ಬೀದಿ ಸುತ್ತಿದಳು. ಮ್ಯಾನೇಜರೇ ಆಳು ಇಟ್ಟಿದ್ದಾನೆ ಎಂದು ಒಂದು ದಿನ, ತನ್ನ ಜೊತೆ ಹಕ್ಕಿ ನೋಡಲು ಬರುವ ನಿವೃತ್ತ ಮೇಷ್ಟರೇ ಹೊಟ್ಟೆಕಿಚ್ಚಿಗೆ ಹೀಗೆ ಮಾಡುತ್ತಿದ್ದಾರೆ ಎಂದು ಇನ್ನೊಂದು ದಿನ. ನನ್ನನ್ನೂ ಬಿಡಲಿಲ್ಲ. "ನಿನ್ನ ಶೂಗೆ ಹುಲ್ಲು ಹತ್ತಿದೆ, ಎಲ್ಲಿ ಹೋಗಿದ್ದೆ?" ಎಂದಳು. ನನಗೆ ಉರಿದುಹೋಯಿತು. ಉದ್ಯಾನಕ್ಕೆ ಎಳೆದುಕೊಂಡು ಹೋಗಿದ್ದವಳು ಅವಳೇ.

ಚಿಕ್ಕಪ್ಪ ಮಾತ್ರ ಅವಳ ಲೆಕ್ಕಕ್ಕೇ ಬರಲಿಲ್ಲ. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲ ಬಳಿ ಕೂತು ಕೂತು ಮಾತೂ ಮೆತ್ತಗಾಗಿದ್ದ ಮನುಷ್ಯ. ಅವರ ಮೇಲೆ ಅವಳಿಗೆ ಅಷ್ಟು ನಂಬಿಕೆ ಎಂದು ನಾನು ತಿಳಿದಿದ್ದೆ. ಈಗ ಅನ್ನಿಸುತ್ತದೆ, ಅದು ನಂಬಿಕೆಯಲ್ಲ, ಅವಳು ಅವರನ್ನು ಸರಿಯಾಗಿ ನೋಡಿಯೇ ಬಹಳ ದಿನವಾಗಿತ್ತು.

ಋತು ಮುಗಿಯುತ್ತಾ ಬಂದಾಗ ಒಂದು ಭಾನುವಾರ ಚಿಕ್ಕಪ್ಪ ಬಾಲ್ಕನಿಯಲ್ಲಿ ಗುಲಾಬಿ ಕುಂಡಕ್ಕೆ ನೀರು ಹಾಕುತ್ತಿದ್ದರು. ಆ ಮನೆಯಲ್ಲಿ ಅವರು ಗಿಡಕ್ಕೆ ನೀರು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಚಿಕ್ಕಮ್ಮನ ಹುಬ್ಬು ಮೇಲೆ ಹೋಯಿತು.

"ಮತ್ತೆ ಸಿಗರೇಟು ಶುರು ಮಾಡಿದೀರಾ? ತುಂಡು ಅದರಲ್ಲಿ ಹೂಳ್ತಿದೀರಾ?"

"ಇಲ್ಲ ಕಣೇ."

ಇಲ್ಲ ಎಂದರೆ ಕೇಳುವವಳೇ? ಚಮಚ ತಂದು ಕೆದಕಿದಳು. ಮೊದಲು ಬಂದದ್ದು ಹೊಸ ಚಪ್ಪಲಿಗೆ ಸುತ್ತುವ ತೆಳು ಕಾಗದ. ಅದರೊಳಗೆ ಒಂದು ಪುಟ್ಟ ಹಸಿರು ರೆಕ್ಕೆ. ಪಕ್ಕದ ಕುಂಡದಲ್ಲೂ ಇತ್ತು, ಅದರ ಪಕ್ಕದ್ದರಲ್ಲೂ.

ಚಿಕ್ಕಪ್ಪ ಗೋಡೆಗೆ ಒರಗಿ ನಿಂತರು. "ಹಾಲಿಗೆ ಹೋದಾಗ ಎತ್ಕೊಂಡು ಬರ್ತಿದ್ದೆ. ಹೋದ ವರ್ಷ ಒಂದಕ್ಕೇ ನೀನು ಹಾಗಾಗ್ಬಿಟ್ಟೆ. ನಿನ್ನ ಕಣ್ಣಿಗೆ ಬೀಳೋದು ಬೇಡ ಅಂತ."

"ನನಗೆ ಒಂದು ಹಕ್ಕಿ ಬೇಕಿತ್ತು ಅಂತ ಗೊತ್ತಿರಲಿಲ್ವಾ ನಿಮಗೆ?"

"ಗೊತ್ತಿತ್ತು. ದಿನಾ, ಇವತ್ತು ಬಿಟ್ಟು ಬರೋಣ ಅಂತಾನೇ ಹೋಗ್ತಿದ್ದೆ. ಆಗ್ತಿರಲಿಲ್ಲ."

ಅವಳು ಬೈಯಲಿಲ್ಲ. ಅದೇ ನನಗೆ ಹೆದರಿಕೆ ತಂದಿತು. ಕುಂಡದ ಹಕ್ಕಿಗಳನ್ನೇ ಮ್ಯಾನೇಜರಿಗೆ ತೋರಿಸಿಬಿಡೋಣ ಎಂದೆ. "ಮನೆಯಿಂದ ತಂದ ಹಕ್ಕಿ ಗಾಜಿಗೆ ಬಡಿದಿದ್ದು ಅಂದ್ರೆ ಯಾರು ನಂಬ್ತಾರೆ? ನಾನೇ ನಂಬಲ್ಲ," ಎಂದು ಮತ್ತೆ ಮಣ್ಣು ಮುಚ್ಚಿದಳು.

ಮರುದಿನದಿಂದ ಮೂವರೂ ಹೋದೆವು, ಟೀ ಕೂಡ ಕುಡಿಯದೆ. ಕಳ್ಳ ಸಿಕ್ಕ ಮೇಲೆ ಹಕ್ಕಿಯೇ ಬೀಳಲಿಲ್ಲ. ಒಂದು ಜೀವ ಸಾಯಲಿ ಎಂದು ಕಾಯುತ್ತಿದ್ದೇವಲ್ಲ ಎಂದು ನಮಗೇ ನಾಚಿಕೆಯಾಗುತ್ತಿತ್ತು. ಮರಗಳಲ್ಲಿ ಉಲಿವ ವಲಸೆ ಹಕ್ಕಿಗಳು ದಿನೇದಿನೇ ಕಡಿಮೆಯಾದವು. ಇನ್ನು ಬರುವುದೇ ಬೇಡ ಎಂದುಕೊಂಡ ದಿನ ಚಿಕ್ಕಪ್ಪ ನಮಗಿಂತ ಸ್ವಲ್ಪ ಮುಂದೆ ಇದ್ದರು. ತಟ್ಟನೆ ನಿಂತರು. ಕೈ ಕರ್ಚೀಫಿಗೆಂದು ಜೇಬಿಗೆ ಹೋಯಿತು. ಹೋದ ಕೈಯನ್ನು ಹೊರಗೆ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡರು.

"ಇಲ್ಲಿದೆ, ಬಾ," ಎಂದರು.

ಅದೇ ಎಲೆ ಬಣ್ಣದ ಹಕ್ಕಿ, ಕಾಲು ಮಡಿಸಿಕೊಂಡು ಬಿದ್ದಿತ್ತು. ಚಿಕ್ಕಮ್ಮ ಫೋಟೋ ತೆಗೆದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಮೇಲಿನ ಗಾಜಿನ ಗುರುತು ಫೋಟೋದಲ್ಲಿ ಬಂದಿದೆಯೇ ಎಂದು ಪರೀಕ್ಷಿಸಿದಳು. ಫೋನನ್ನೂ ನಂಬದೆ ಮ್ಯಾನೇಜರು ಬರುವವರೆಗೆ ಅಲ್ಲೇ ಕಾದು ನಿಂತಳು. ಅವನು ಬಂದ, ಬಗ್ಗಿ ನೋಡಿದ, ತಲೆ ಎತ್ತಿ ಗಾಜು ನೋಡಿದ.

"ಆಯ್ತು ಮೇಡಂ. ದೀಪ ಆರಿಸ್ತೀವಿ."

"ಬರೆದು ಕೊಡಿ," ಎಂದಳು.

ಬರೆದು ಕೊಟ್ಟ. ಸಹಿ ಕೆಳಗೆ ತಾರೀಕು ಹಾಕಿಸಿಕೊಂಡು, ಮಡಚಿ ಪರ್ಸಿನಲ್ಲಿಟ್ಟುಕೊಂಡ ಮೇಲೆ ಅವಳು ಚಿಕ್ಕಪ್ಪನ ಕಡೆ ತಿರುಗಿದಳು. ಅವರು ಕೈಯನ್ನು ಇನ್ನೂ ಬೆನ್ನ ಹಿಂದೆಯೇ ಕಟ್ಟಿಕೊಂಡಿದ್ದರು.

"ಈಗ ತೆಗೀರಿ ಕರ್ಚೀಫು," ಎಂದಳು. "ಇದನ್ನ ಇಬ್ಬರೂ ಸೇರಿ ಹೂಳೋಣ."