ಅತ್ತೆಯ ಹಾರದ ಫೋಟೋ

ಮೊದಲ ನೆಗೆಟಿವ್‌ನಲ್ಲಿ ಸೋದರತ್ತೆಯ ಮೂಗು ಐದೂವರೆ ಮಿಲಿಮೀಟರ್, ಕಿವಿ ನಾಲ್ಕು. ಸ್ಕೇಲ್ ಇಟ್ಟು ಅಳೆದಿದ್ದೇನೆ. ಅವಳ ನಿಜವಾದ ಮುಖದಲ್ಲಿ ಕಿವಿಯೇ ಉದ್ದ.

ಅತ್ತೆ ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಆರೋಗ್ಯ ಗಟ್ಟಿ. ಆದರೂ ತಾನು ಸತ್ತ ಮೇಲೆ ಗೋಡೆಗೆ ಹಾಕುವ ಫೋಟೋ ಈಗಲೇ ಆಗಬೇಕೆಂದಳು. ಈ ವಿಷಯದಲ್ಲಿ ನಮ್ಮ ಮನೆತನವನ್ನು ಅವಳು ನಂಬುವುದಿಲ್ಲ. ಅಜ್ಜಿ ತೀರಿಕೊಂಡಾಗ ಯಾವುದೋ ಮದುವೆಯ ಗುಂಪು ಚಿತ್ರದಿಂದ ಅವಳನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಹೆಗಲ ಮೇಲೆ ವಾಚು ಕಟ್ಟಿದ ಕೈಯೊಂದು ಹಾಗೇ ಉಳಿದಿತ್ತು.

"ಪ್ರತಿ ವರ್ಷ ಆ ಕೈಗೂ ಕುಂಕುಮ ಹಚ್ಚತೇವಿ. ಅದು ಯಾರದಂತ ಯಾರಿಗೂ ಗೊತ್ತಿಲ್ಲ. ನನ್ನ ಫೋಟೋ ನೀನ ತಗಿ."

ನನ್ನದು ರೀಲಿನ ಕ್ಯಾಮೆರಾ, ಲೆನ್ಸ್ ಎರಡು. ಅತ್ತೆಯ ಮನೆಯ ಪಡಸಾಲೆ ಇಕ್ಕಟ್ಟೆಂದು ಅಗಲ ನೋಟದ ಇಪ್ಪತ್ತೆಂಟರ ಲೆನ್ಸ್ ಹಾಕಿ, ಒಂದಡಿ ದೂರದಲ್ಲಿ ಕೂತು ತೆಗೆದೆ. ಅಷ್ಟು ಹತ್ತಿರದಿಂದ ಮುಂದಿನದು ಉಬ್ಬಿ, ಹಿಂದಿನದು ಕುಗ್ಗುತ್ತದೆ. ಫೋಟೋದಲ್ಲಿ ಮೂಗು ಮೊದಲು ಬಂತು, ಅತ್ತೆ ಆಮೇಲೆ.

"ಇದು ಯಾರ ಮೂಗು?"

"ನಿಂದ."

"ಸತ್ತ ಮ್ಯಾಲೂ ತೂರಸಾಕ ಬಂದಾಳ ಅಂತಾರ ನೋಡು."

ಎರಡನೇ ಸಲ ದೂರದಿಂದ ತೆಗೆಯುವ ನೂರೈದರ ಲೆನ್ಸ್ ಹಾಕಿಕೊಂಡು ಅಂಗಳದ ಆಚೆ ತುದಿಗೆ ಹೋದೆ. ಮೂಗು, ಕಿವಿ ತಮ್ಮ ಅಳತೆಗೆ ಮರಳಿದವು. ಆದರೆ ರೀಲನ್ನು ಬಾಗಲಕೋಟೆಯ ನನ್ನ ಬಚ್ಚಲಿನಲ್ಲಿ ಏಪ್ರಿಲ್ ಮಧ್ಯಾಹ್ನ ತೊಳೆದೆ. ರೀಲು ತೊಳೆಯುವ ಡೆವಲಪರ್ ಡಬ್ಬಿಯ ಮೇಲೆ ಇಪ್ಪತ್ತು ಡಿಗ್ರಿಗೆ ಒಂಬತ್ತು ನಿಮಿಷ ಎಂದಿತ್ತು. ಮಾಳಿಗೆಯ ಟ್ಯಾಂಕಿನ ನೀರು ಮೂವತ್ತನಾಲ್ಕು; ನೀರು ಬಿಸಿಯಾದಷ್ಟೂ ನಿಮಿಷ ಕಡಿಮೆ ಮಾಡಬೇಕು. ಡಬ್ಬಿಯವರು ನಮ್ಮೂರಿನ ಬಿಸಿಲು ನೋಡಿರಲಿಲ್ಲ. ನಾನು ನೋಡಿದ್ದೆ, ಆದರೂ ಒಂಬತ್ತು ನಿಮಿಷ ಬಿಟ್ಟೆ. ಬೂದುಬಣ್ಣಗಳೆಲ್ಲ ಹೋಗಿ ಬರೀ ಕಪ್ಪು, ಬಿಳುಪು ಉಳಿಯಿತು. ಕೂದಲು ಸುಣ್ಣ, ಒಂದೊಂದು ಸುಕ್ಕೂ ಕಂದಕ.

ಪ್ರಿಂಟ್ ನೋಡಿ ಅತ್ತೆ ಕೇಳಿದಳು, "ಬದಾಮಿ ಗುಡ್ಡದ ಫೋಟೋ ಯಾಕ ತಂದಿ?"

ಮೂರನೆಯದಕ್ಕೆ ಅದೇ ಲೆನ್ಸ್, ಅದೇ ಅಂಗಳ. ತೊಳೆದದ್ದು ಮಾತ್ರ ನಸುಕಿನಲ್ಲಿ, ಕುಡಿಯುವ ಕೊಡದ ತಣ್ಣೀರಿನಲ್ಲಿ, ನಿಮಿಷ ಲೆಕ್ಕ ಹಾಕಿ. ಬೂದುಬಣ್ಣಗಳೆಲ್ಲ ಬಂದವು. ಮುಖ ಕೆನೆಯಂತೆ ನುಣ್ಣಗಾಯಿತು. ನನಗೆ ತುಸು ಹೆಮ್ಮೆಯೂ ಆಯಿತು.

ಅತ್ತೆ ಗುಡ್ಡದ್ದು, ಹೊಸದು ಎರಡೂ ಪ್ರಿಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಈ ಹೊಸಾದು ಚಂದ ಐತಿ. ಭಾಳ ಶಾಂತ ಹೆಣಮಗಳು. ಯಾರಿಕಿ?"

"ನೀನ."

"ನಾ ಇಷ್ಟು ಶಾಂತ ಇದ್ದಿದ್ದರ ಆ ವಕೀಲರು ಹರಕೊಂಡು ತಿಂತಿದ್ರು." ನುಣ್ಣನೆಯದನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಗುಡ್ಡದ್ದ ಇರಲಿ. ಹಾರ ಹಾಕಾಕ ಬಂದವರು ಚೂರು ಅಂಜಬೇಕು."

ಮರುದಿನ ಬೆಳಿಗ್ಗೆ ಅದಕ್ಕೆ ಕಟ್ಟು ಹಾಕಿಸಲು ಮೊದಲ ಬಸ್ಸಿಗೆ ಇಳಕಲ್ಲಿಗೆ ಹೋದೆ. ಕಟ್ಟು ಹಾಕುವವನು ಫೋಟೋವನ್ನು ಬೆಳಕಿಗೆ ಹಿಡಿದು, "ಸುಕ್ಕೆಲ್ಲ ಕಂಪ್ಯೂಟರದಾಗ ತಗದು ಕೊಡ್ಲೇನ್ರಿ ಅಕ್ಕಾರ?" ಎಂದ. ಬೇಡ ಎಂದೆ. ಹಿಂದೆ ನೀಲಿ ಆಕಾಶ ಹಾಕಲೇ ಎಂದ. ಅದೂ ಬೇಡ ಎಂದೆ. ಅವನು ಗಾಜು ಕೂರಿಸಿ, ಹಿಂದಿನ ರಟ್ಟಿಗೆ ಕೊನೆಯ ಮೊಳೆ ಹೊಡೆಯುವವರೆಗೆ ನಾನು ಅಂಗಡಿ ಬಿಟ್ಟು ಕದಲಲಿಲ್ಲ.