ಜುನುವಿನ ವಂದನಾರ್ಪಣೆ

ಮಕ್ಕಳ ಭಾಗವಹಿಸುವಿಕೆ ಕುರಿತ ಸಂಶೋಧನಾ ವರದಿಯ ಬಿಡುಗಡೆಯಲ್ಲಿ ಜುನು ಬೆಳಗಿನಿಂದ ಭಾಗವಹಿಸುತ್ತಲೇ ಇದ್ದಳು. ಸಭಾಂಗಣ ಗುಡಿಸಿದಳು, ಕುರ್ಚಿ ಹಾಕಿದಳು, ಈಗ ಅತಿಥಿಗಳಿಗೆ ಮಾಲೆ ಕಟ್ಟುತ್ತಿದ್ದಳು. ನೇಪಾಳದ ಪಾಲ್ಪಾ ಜಿಲ್ಲೆಯ ಈ ಗುಡ್ಡದೂರಿನ ಬಾಲಕ್ಲಬ್ಬಿಗೆ ಅವಳೇ ಅಧ್ಯಕ್ಷೆ.

ಓದುತ್ತಿರುವುದು ಹತ್ತನೇ ತರಗತಿ. ಅಪ್ಪ ಕತಾರಿನಲ್ಲಿ. ಎಮ್ಮೆ, ಅಜ್ಜಿ ಎರಡೂ ಅವಳ ಪಾಲಿಗೆ. ಉಳಿದ ಹೊತ್ತು ಸಂಶೋಧಕರದು. ಅವರಿಗಾಗಿ ವೃತ್ತದಲ್ಲಿ ಕೂತು 'ನನ್ನ ಕನಸಿನ ಊರು' ಬಿಡಿಸಿ ಬಿಡಿಸಿ ಈಗ ಕಣ್ಣು ಮುಚ್ಚಿಯೂ ಬಿಡಿಸಬಲ್ಲಳು. ಪ್ರತಿ ಚಿತ್ರದಲ್ಲೂ ಶಾಲೆಯ ಹುಡುಗಿಯರ ಶೌಚಾಲಯಕ್ಕೊಂದು ನಲ್ಲಿ ಇರುತ್ತಿತ್ತು. ನಿಜವಾದ ಶೌಚಾಲಯದಲ್ಲಿ ಇರಲಿಲ್ಲ. ಮುಟ್ಟಾದ ಹುಡುಗಿಯರು ಶಾಲೆ ಬಿಟ್ಟು ಮನೆಯಲ್ಲೇ ಉಳಿಯುತ್ತಿದ್ದರು. ಕಾಠ್ಮಂಡುವಿನ ಸಂಶೋಧಕ ಡಾಕ್ಟರ್ ಉಪ್ರೇತಿ ಆ ನಲ್ಲಿಯನ್ನು ವರದಿಯಲ್ಲಿ 'ಆಶಯದ ದೃಶ್ಯರೂಪ' ಎಂದು ಕರೆದಿದ್ದರು.

ವಾರ್ಡಿನ ಬಜೆಟ್ ಮರುದಿನ ಅಂತಿಮವಾಗುವುದಿತ್ತು. ಇವತ್ತು ತನ್ನ ಭಾಷಣದಲ್ಲಿ ನಲ್ಲಿ ಕೇಳದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಕಾರ್ಯಕ್ರಮ ಆಸನಗ್ರಹಣದಿಂದ ಶುರುವಾಯಿತು. ಗಣ್ಯರನ್ನು ಹೆಸರು ಹಿಡಿದು ಒಬ್ಬೊಬ್ಬರನ್ನಾಗಿ ವೇದಿಕೆಯಲ್ಲಿ ಕೂರಿಸಿದರು. ಆಮೇಲೆ ಮಾತಾಡುವ ಪ್ರತಿಯೊಬ್ಬರೂ ಆ ಹೆಸರುಗಳನ್ನೆಲ್ಲ ಮತ್ತೆ ಹೇಳಬೇಕು, ಹೆಸರು ಬಂದವರು ಅರ್ಧ ಎದ್ದು ಕೈಮುಗಿಯಬೇಕು. ಒಂದು ಹೆಸರು ಬಿಟ್ಟರೆ ಮುಂದಿನ ಚುನಾವಣೆವರೆಗೂ ಮುನಿಸು. ಮಕ್ಕಳ ದನಿ ಆಲಿಸುವ ಮಹತ್ವವನ್ನು ಗಣ್ಯರೆಲ್ಲ ವಿವರಿಸಿ ಮುಗಿಸುವಾಗ ಮಕ್ಕಳ ದನಿಗೆ ಹೊತ್ತು ಉಳಿದಿರಲಿಲ್ಲ.

"ಮಗೂ, ಊಟ ತಣ್ಣಗಾಗ್ತಿದೆ," ಎಂದರು ವಾರ್ಡ್ ಅಧ್ಯಕ್ಷ ಟೇಕಬಹಾದೂರ್ ಗಾಹಾ. "ಬೇಡಿಕೆ ಗೀಡಿಕೆ ಆಮೇಲ್ ನೋಡೋಣ. ಧನ್ಯವಾದ ಹೇಳಿ ಮುಗಿಸ್ಬಿಡಮ್ಮ."

"ಬರೀ ಧನ್ಯವಾದ ತಾನೆ, ಅಧ್ಯಕ್ಷಜ್ಯೂ?"

"ಅಷ್ಟೇ."

ಮೈಕಿನ ಕಡೆ ಹೊರಟವಳ ಕೈ ಜಗ್ಗಿದಳು ಗೆಳತಿ ಮನ್ಸರಾ. "ಏಯ್, ನಲ್ಲಿ ವಿಷ್ಯ ಏನಾಯ್ತೇ?"

"ಸುಮ್ನಿರೇ. ಮೊದ್ಲು ಇವ್ರನ್ನ ಹೊಗಳಿ ಬರ್ತೀನಿ."

ಜುನು ಕ್ರಮ ತಪ್ಪದೆ ಒಬ್ಬೊಬ್ಬರ ಹೆಸರು ಹೇಳಿದಳು. ಒಬ್ಬೊಬ್ಬರೂ ಎದ್ದು ಕೈಮುಗಿದರು. ಗಾಹಾ ಸರದಿ ಬಂತು.

"ನಮ್ ಶಾಲೆ ಹುಡುಗೀರ ಶೌಚಾಲಯಕ್ಕೆ ಈ ಬಜೆಟ್‌ನಲ್ಲೇ ನೀರು ಕೊಡ್ತಿರೋ ಅಧ್ಯಕ್ಷ ಟೇಕಬಹಾದೂರ್ ಗಾಹಾಜ್ಯೂಗೆ ಧನ್ಯವಾದ!"

ಹೆಸರು ಕಿವಿಗೆ ಬಿದ್ದದ್ದೇ ಗಾಹಾ ಅಭ್ಯಾಸಬಲದಿಂದ ಎದ್ದು ಕೈಮುಗಿದರು. ಮಕ್ಕಳ ಹಿಂದೆ ಕೂತಿದ್ದ ತಾಯಂದಿರು ಚಪ್ಪಾಳೆ ತಟ್ಟಿದರು. ಅವರು ಮತದಾರರು.

"ನಾನ್ಯಾವಾಗಮ್ಮ ಕೊಟ್ಟೆ?" ಊಟದ ಸಾಲಿನಲ್ಲಿ ಗಾಹಾ ತಗ್ಗಿದ ದನಿಯಲ್ಲಿ ಕೇಳಿದರು.

"ಇನ್ನೂ ಕೊಟ್ಟಿಲ್ಲ. ಆದ್ರೆ ಧನ್ಯವಾದ ತಗೊಂಡ್ರಲ್ಲ?"

ಸಂಶೋಧಕರು ಲೆಕ್ಕಹಾಕುವ ಭಾಗವಹಿಸುವಿಕೆಯ ಎಂಟು ಹಂತಗಳಲ್ಲಿ ಇದು ಎಷ್ಟನೆಯದು ಎಂದು ಉಪ್ರೇತಿ ದಾಲ್ ಭಾತ್ ಕಲಸುತ್ತ ಯೋಚಿಸಿದರು.

ಮರುದಿನ ಶೌಚಾಲಯದ ನಲ್ಲಿ ಬಜೆಟ್ಟಿಗೆ ಸೇರಿತು. ಅದಕ್ಕೆ ಬೇಕಾದ ಹಣವನ್ನು ವಾರ್ಡ್ ಕಚೇರಿ ಬಾಲಕ್ಲಬ್ಬಿನ ವಾರ್ಷಿಕ ಅನುದಾನದಿಂದ ಕಡಿತ ಮಾಡಿತು.